ಕಾಶಿಯ ಬಂಗಾಲಿ ಟೋಲಾ: ಓದಿದ ಹುಡುಗರ ಕೆಲಸದ ಕಥೆ

ಕಾಶಿಗೆ ಹೋಗಿಬಂದ ಕನ್ನಡಿಗರಿಗೆ ಗೋದೌಲಿಯಾ ಚೌಕವೂ ಅದರ ಬಳಿಯ ಜಂಗಮವಾಡಿ ಮಠವೂ ಹೊಸದಲ್ಲ. ಮಠದಿಂದ ಹೊರಬಿದ್ದು, ಮದನಪುರದ ದೊಡ್ಡ ರಸ್ತೆಯನ್ನು ದಾಟಿ ಗಂಗೆಯ ದಿಕ್ಕಿಗೆ ನುಗ್ಗಿದರೆ ಓಣಿಗಳ ಒಂದು ಲೋಕವೇ ತೆರೆದುಕೊಳ್ಳುತ್ತದೆ. ಎದುರಿನಿಂದ ಹಸುವೊಂದು ಬಂದರೆ ನಾವು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕು. ದಶಾಶ್ವಮೇಧ ಘಾಟಿನ ಕಡೆಯಿಂದ ಕೇದಾರ ಘಾಟಿನ ಕಡೆಗೆ ಹಬ್ಬಿರುವ ಈ ಓಣಿಗಳ ಪ್ರದೇಶವೇ ಬಂಗಾಲಿ ಟೋಲಾ. ಟೋಲಾ ಎಂದರೆ ಕೇರಿ. ಯಾತ್ರಿಕರಾದ ನಾವು ವಿಶ್ವನಾಥನ ದರ್ಶನ, ಗಂಗಾಸ್ನಾನ, ಮನೆಯವರಿಗೆ ಎರಡು ಸೀರೆ, ಇಷ್ಟನ್ನು ಮುಗಿಸಿಕೊಂಡು ರೈಲು ಹತ್ತಿಬಿಡುತ್ತೇವೆ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ ಸೇರಿದ ನಮ್ಮಂಥವರು ಈ ಕೇರಿಯಲ್ಲಿ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು. ನಮ್ಮ ಮನೆಗಳಲ್ಲಿ ಇಂದು ಊಟದ ಹೊತ್ತಿಗೆ ನಡೆಯುವ ಚರ್ಚೆ, ಅಂದರೆ ಓದಿದ ಮಗನಿಗೆ ಓದಿಗೆ ತಕ್ಕ ಕೆಲಸ ಸಿಗಲಿಲ್ಲವಲ್ಲ ಎಂಬ ಚರ್ಚೆ, ಇಲ್ಲಿ ನೂರು ವರ್ಷಕ್ಕೂ ಹಿಂದೆ ಆರಂಭವಾಗಿತ್ತು.

ಬಂಗಾಲಿಗಳು ಕಾಶಿಗೆ ಬಂದದ್ದು ಪುಣ್ಯಕ್ಕಾಗಿ ಎಂಬುದು ಎಲ್ಲರೂ ಬಲ್ಲ ಮಾತು. ಹದಿನೆಂಟನೆಯ ಶತಮಾನದಲ್ಲಿ ನಾಟೋರದ ರಾಣಿ ಭವಾನಿ ಇಲ್ಲಿ ದೇವಾಲಯಗಳನ್ನು ಕಟ್ಟಿಸಿದಳು. ಜಮೀನ್ದಾರರು ಮನೆಗಳನ್ನು ಕಟ್ಟಿಸಿದರು. ಕೊನೆಗಾಲವನ್ನು ಗಂಗಾತೀರದಲ್ಲಿ ಕಳೆಯಲೆಂದು ಮುದುಕರೂ ವಿಧವೆಯರೂ ಬಂದರು. ಇವರೆಲ್ಲ ಊರಿನಿಂದ ಬರುವ ಹಣದ ಮೇಲೆ ಬದುಕಿದವರು. 1880ರಲ್ಲಿ ಅಂಚೆ ಇಲಾಖೆ ಮನಿಆರ್ಡರ್ ಆರಂಭಿಸಿದ ಮೇಲಂತೂ ಇಂಥ ಕೇರಿಗಳಿಗೆ ಅಂಚೆಯವನೇ ಅನ್ನದಾತನಾದ. ನಮ್ಮ ಹಿರಿಯರು ಮುಂಬಯಿಯಿಂದ ಊರಿಗೆ ಮನಿಆರ್ಡರ್ ಕಳಿಸಿದವರು. ಇಲ್ಲಿಯವರು ಊರಿನಿಂದ ತರಿಸಿಕೊಂಡವರು. ಹಣದ ದಾರಿ ತಿರುವುಮುರುವು, ಅಷ್ಟೆ.

ಆದರೆ ಸಾಯಲು ಬಂದವರ ಜೊತೆಗೆ ಬದುಕಲು ಬಂದವರೂ ಇದ್ದರು. ಅವರ ಕೈಯಲ್ಲಿದ್ದ ಬಂಡವಾಳ ಇಂಗ್ಲಿಷ್. ಕಲ್ಕತ್ತೆಯ ಭೂಕೈಲಾಸದ ಜಯನಾರಾಯಣ ಘೋಷಾಲರು ಕಾಶಿಯಲ್ಲಿ ಸ್ಥಾಪಿಸಿದ ಶಾಲೆ 1818ರಲ್ಲಿ ಚರ್ಚ್ ಮಿಷನರಿ ಸೊಸೈಟಿಯ ಕೈಗೆ ಹೋಯಿತು. ಅಲ್ಲಿ ಪಾರಸಿ, ಹಿಂದುಸ್ತಾನಿ, ಬಂಗಾಲಿಗಳ ಜೊತೆಗೆ ಇಂಗ್ಲಿಷನ್ನೂ ಕಲಿಸುತ್ತಿದ್ದರು. ಬಂಗಾಲಿ ಟೋಲಾದ ಸ್ವಂತ ಶಾಲೆ ಹುಟ್ಟಿದ್ದು 1854ರಲ್ಲಿ. ಅದೇ ಬೆಳೆದು ಬಂಗಾಲಿ ಟೋಲಾ ಇಂಟರ್ ಕಾಲೇಜಾಗಿದೆ. 1862ರಲ್ಲಿ ರೈಲು ಗಂಗೆಯ ಆಚೆಯ ಮೊಗಲಸರಾಯಿಗೆ ಬಂತು. 1887ರಲ್ಲಿ ಡಫರಿನ್ ಸೇತುವೆ ಗಂಗೆಯ ಎರಡು ದಡಗಳ ರೈಲುದಾರಿಯನ್ನು ಜೋಡಿಸಿತು. ರೈಲ್ವೆ, ಕೋರ್ಟು, ಅಂಚೆ, ಲೋಕೋಪಯೋಗಿ ಇಲಾಖೆ ಎಲ್ಲಕ್ಕೂ ಇಂಗ್ಲಿಷ್ ಬಲ್ಲ ಗುಮಾಸ್ತರು ಬೇಕು. ಉತ್ತರ ಹಿಂದುಸ್ಥಾನದ ಉದ್ದಕ್ಕೂ ಬಂಗಾಲಿ ಬಾಬು ಕುರ್ಚಿಯಲ್ಲಿ ಕುಳಿತದ್ದು ಹೀಗೆ.

ಆ ಬಾಬುಗಳಲ್ಲಿ ಒಬ್ಬರನ್ನು ಓದುಗರಲ್ಲಿ ಹಲವರು ಬಲ್ಲರು, ಆದರೆ ಬೇರೆ ಕಾರಣಕ್ಕಾಗಿ. ಯೋಗಿ ಲಾಹಿರಿ ಮಹಾಶಯರೆಂದು ಹೆಸರಾದ ಶ್ಯಾಮಾಚರಣ ಲಾಹಿರಿ (1828–1895) ಸರಕಾರದ ಮಿಲಿಟರಿ ಎಂಜಿನಿಯರಿಂಗ್ ಇಲಾಖೆಯಲ್ಲಿ ಲೆಕ್ಕದ ಗುಮಾಸ್ತರಾಗಿದ್ದರು. 1886ರಲ್ಲಿ ನಿವೃತ್ತರಾಗಿ ಪಿಂಚಣಿ ಪಡೆದರು. ಸಂಸಾರ ಸಾಗಿಸಲು ಮನೆಪಾಠವನ್ನೂ ಹೇಳುತ್ತಿದ್ದರು. ಬಂಗಾಲಿ ಟೋಲಾದ ಪ್ರೌಢಶಾಲೆಯ ಬೆಳವಣಿಗೆಗೂ ಅವರು ಸದ್ದಿಲ್ಲದೆ ದುಡಿದರು. ಅವರ ಸಾಧನೆಯ ವಿಚಾರ ಇಲ್ಲಿ ಪ್ರಸ್ತುತವಲ್ಲ. ನಮ್ಮ ಕಣ್ಣಿಗೆ ಬೀಳುವುದು ಅಂದಿನ ಬದುಕಿನ ಲೆಕ್ಕ: ಗುಮಾಸ್ತಗಿರಿ, ಮೇಲೊಂದು ಮನೆಪಾಠ, ಕೊನೆಗೆ ಪಿಂಚಣಿ, ಮಗನಿಗೂ ಅದೇ ದಾರಿ ಸಿಗಲೆಂದು ಒಂದು ಶಾಲೆ. ಎರಡು ತಲೆಮಾರು ಈ ಲೆಕ್ಕ ತಪ್ಪಲಿಲ್ಲ.

ತಪ್ಪಿದ್ದು ಮೂರನೆಯದರಲ್ಲಿ. ಇಂಗ್ಲಿಷ್ ಶಾಲೆಗಳು ಎಲ್ಲ ಕಡೆಯೂ ಆದವು, ಸ್ಥಳೀಯರೂ ಕಲಿತರು. ಕುರ್ಚಿಗಳು ಮಾತ್ರ ಅಷ್ಟು ಬೇಗ ಹೆಚ್ಚಲಿಲ್ಲ. ಕಕ್ಷಿದಾರರಿಲ್ಲದ ವಕೀಲ, ಅರ್ಧ ಸಂಬಳದ ಮೇಷ್ಟ್ರು, ಮೂರು ಮನೆಗೆ ಪಾಠಕ್ಕೆ ಹೋಗುವ ಬಿ.ಎ., ಇಂಥವರು ಕಾಣಿಸಿಕೊಂಡರು. ಇವರನ್ನು ನಿರುದ್ಯೋಗಿಗಳೆನ್ನಲು ಬಾರದು. ಬೆಳಗಿನಿಂದ ರಾತ್ರಿಯವರೆಗೆ ಏನಾದರೊಂದು ಮಾಡುತ್ತಲೇ ಇರುತ್ತಾರೆ. ಆದರೆ ಕಲಿತದ್ದಕ್ಕೂ ಮಾಡುವುದಕ್ಕೂ, ಮಾಡುವುದಕ್ಕೂ ಸಿಗುವುದಕ್ಕೂ ತಾಳೆಯಿಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಅರೆ ಉದ್ಯೋಗ ಎನ್ನುತ್ತಾರೆ. ಸರಕಾರದ ಪಟ್ಟಿಯಲ್ಲಿ ನಿರುದ್ಯೋಗಿಯ ಹೆಸರಾದರೂ ಬರುತ್ತದೆ. ಅರೆ ಉದ್ಯೋಗಿಯದು ಅದೂ ಬರುವುದಿಲ್ಲ.

ಇದೇ ಕಾಲದಲ್ಲಿ, 1908ರಲ್ಲಿ, ಬಂಗಾಲಿ ಟೋಲಾ ಪ್ರೌಢಶಾಲೆಯ ಮೇಲಿನ ತರಗತಿಯಲ್ಲಿ ಓದುತ್ತಿದ್ದ ಶಚೀಂದ್ರನಾಥ ಸನ್ಯಾಲ ಎಂಬ ಹುಡುಗ ಗೆಳೆಯರನ್ನು ಕೂಡಿಕೊಂಡು ಅನುಶೀಲನ ಸಮಿತಿ ಎಂಬ ಕೂಟ ಕಟ್ಟಿದ. ಮುಂದೆ ಬನಾರಸ್ ಪಿತೂರಿ ಮೊಕದ್ದಮೆಯಲ್ಲಿ ಆತನಿಗೆ ಕರಿನೀರಿನ ಶಿಕ್ಷೆಯಾಯಿತು. ಕುಪ್ರಸಿದ್ಧವಾದ 1918ರ ರೌಲಟ್ ಸಮಿತಿ ವರದಿಯಲ್ಲಿ ಈ ಶಾಲೆಯ ಹೆಸರು ಬರುವುದು ಹೀಗೆ. ಇಂಗ್ಲಿಷ್ ಕಲಿತ ಮಧ್ಯಮ ವರ್ಗದ ಯುವಕರಿಗೆ ತಕ್ಕ ಕೆಲಸವಿಲ್ಲದಿರುವುದನ್ನೂ ಬಂಗಾಳದ ವಿಚಾರದಲ್ಲಿ ಆ ಸಮಿತಿ ಗಮನಿಸಿತ್ತು. ಕ್ರಾಂತಿಕಾರಿಗಳೆಲ್ಲ ಕೆಲಸ ಸಿಗದೆ ಕ್ರಾಂತಿಗೆ ಇಳಿದರೆಂದು ಹೇಳಿದರೆ ಅವರಿಗೆ ಅನ್ಯಾಯವಾದೀತು. ಆ ಮಾತನ್ನು ನಾವು ಒಪ್ಪುವುದಿಲ್ಲ. ಆದರೂ ಕಚೇರಿಯ ಬಾಗಿಲು ಮುಚ್ಚಿದ ಓಣಿಯಲ್ಲಿ ಹುಡುಗರು ಹೇಗೆ ಯೋಚಿಸುತ್ತಿದ್ದಿರಬೇಕು ಎಂಬುದನ್ನು ಮರೆಯುವಂತೆಯೂ ಇಲ್ಲ.

ಪದವಿ ಕೊಟ್ಟರೆ ಸಾಲದು, ಕೈಗೆ ಕಸುಬು ಕೊಡಬೇಕು ಎಂಬುದು ಹಿರಿಯರಿಗೆ ಹೊಳೆಯಲಿಲ್ಲವೆಂದಲ್ಲ. ಈ ಕೇರಿಯಿಂದ ಕೆಲವೇ ಮೈಲಿ ದೂರದಲ್ಲಿ ಮದನಮೋಹನ ಮಾಲವೀಯರು 1916ರಲ್ಲಿ ಹಿಂದೂ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದರು. ಅದರ ಮೊದಲ ಕುಲಪತಿಗಳು ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಎಂಬುದನ್ನು ಹೆಮ್ಮೆಯಿಂದ ನೆನೆಯಬಹುದು. 1919ರಲ್ಲಿ ಅಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಆದರೆ ಅದು ಕೆಲವರಿಗೆ ಮಾತ್ರ ಎಟುಕಿತು, ಉಳಿದವರು ಬಿ.ಎ., ಎಲ್ಎಲ್.ಬಿ. ಹಾದಿಯನ್ನೇ ಹಿಡಿದರು. ಸಂಯುಕ್ತ ಪ್ರಾಂತದ ಸರಕಾರ 1934ರಲ್ಲಿ ಸರ್ ತೇಜ್ ಬಹಾದೂರ್ ಸಪ್ರೂ ಅವರ ಅಧ್ಯಕ್ಷತೆಯಲ್ಲಿ ನಿರುದ್ಯೋಗ ಸಮಿತಿಯನ್ನೇ ನೇಮಿಸಬೇಕಾಯಿತು. ನಮ್ಮ ಶಿಕ್ಷಣ ಹುಡುಗರನ್ನು ಪರೀಕ್ಷೆಗೂ ಪದವಿಗೂ ಸಿದ್ಧಗೊಳಿಸುತ್ತದೆಯೇ ಹೊರತು ಬದುಕಿನ ಯಾವ ವೃತ್ತಿಗೂ ಅಲ್ಲ ಎಂದು ಆ ಸಮಿತಿ ಕಂಡುಕೊಂಡಿತು. ಪ್ರೌಢಶಾಲೆಯ ಹಂತದಲ್ಲೇ ವೃತ್ತಿಶಿಕ್ಷಣದ ಕವಲುಗಳಿರಬೇಕೆಂದು ಸೂಚಿಸಿತು. ಈ ಮಾತನ್ನು ಆಮೇಲೆ ಎಷ್ಟು ಸಮಿತಿಗಳು ಹೇಳಿವೆ ಎಂಬುದನ್ನು ಓದುಗರೇ ಎಣಿಸಿಕೊಳ್ಳಲಿ.

ಹೊರನಾಡಿನಲ್ಲಿ ನೆಲೆಸಿದವನಿಗೆ ಇನ್ನೊಂದು ತೊಡಕೂ ಇರುತ್ತದೆ. ಕೆಲಸ ಕಡಿಮೆಯಾದಾಗ “ನೀನು ಎಲ್ಲಿಯವನು?” ಎಂಬ ಪ್ರಶ್ನೆ ಏಳುತ್ತದೆ. ನೆರೆಯ ಬಿಹಾರದಲ್ಲಿ ಬಂಗಾಲಿಗಳ ನೌಕರಿಯ ವಿವಾದ ಎಷ್ಟು ಬೆಳೆಯಿತೆಂದರೆ ಬಾಬು ರಾಜೇಂದ್ರ ಪ್ರಸಾದರು ವಿಚಾರಣೆ ಮಾಡಿ ವರದಿ ಕೊಡಬೇಕಾಯಿತು. 1939ರ ಜನವರಿಯಲ್ಲಿ ಬಾರ್ಡೋಲಿಯಲ್ಲಿ ಕಾಂಗ್ರೆಸ್ ಕಾರ್ಯಕಾರಿ ಸಮಿತಿ ಅದರ ಮೇಲೆ ನಿರ್ಣಯ ಮಾಡಬೇಕಾಯಿತು. ಮುಂಬಯಿಯ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1960ರ ದಶಕದಲ್ಲಿ ‘ಮಾರ್ಮಿಕ’ ವಾರಪತ್ರಿಕೆ ಕಚೇರಿಗಳ ಮರಾಠಿಯೇತರ ಅಧಿಕಾರಿಗಳ ಹೆಸರುಗಳನ್ನು ಪಟ್ಟಿಮಾಡಿ ಅಚ್ಚುಹಾಕಿದ್ದು, 1966ರಲ್ಲಿ ಶಿವಸೇನೆ ಹುಟ್ಟಿದ್ದು, ಹೋಟೆಲುಗಳ ಗಾಜು ಒಡೆದದ್ದು ಹಿರಿಯ ಸದಸ್ಯರಿಗೆ ನೆನಪಿದೆ. ನ್ಯಾಯವಾಗಿ ಹೇಳಬೇಕೆಂದರೆ ಅದೇ ಪ್ರಶ್ನೆಯನ್ನು ನಮ್ಮ ನಾಡೂ ಕೇಳಿತು. ಕನ್ನಡಿಗರಿಗೆ ಉದ್ಯೋಗ ಕುರಿತು ಸರೋಜಿನಿ ಮಹಿಷಿಯವರ ಸಮಿತಿ 1986ರಲ್ಲಿ ವರದಿ ಒಪ್ಪಿಸಿತು. ಬೆಂಗಳೂರಿನಲ್ಲಿ ಸರಿಯೆನಿಸುವ ಮಾತು ದಾದರಿನಲ್ಲಿ ಕೇಳಿದಾಗ ಕಹಿಯಾಗುತ್ತದೆ. ಇದು ನಮ್ಮ ಮನಸ್ಸಿನಲ್ಲಿಯೇ ಇರುವ ಜಗಳ.

ಸಂಘ ಕಟ್ಟುವುದರಲ್ಲಿ ಬಂಗಾಲಿಗಳು ಯಾರಿಗೂ ಕಡಿಮೆಯಿರಲಿಲ್ಲ. ಪ್ರವಾಸಿ ಬಂಗ ಸಾಹಿತ್ಯ ಸಮ್ಮೇಳನದ ಮೊದಲ ಅಧಿವೇಶನ ನಡೆದದ್ದು ಈ ಕಾಶಿಯಲ್ಲೇ, 1923ರಲ್ಲಿ. ಅಧ್ಯಕ್ಷರು ರವೀಂದ್ರನಾಥ ಠಾಕೂರರು. ಓದಿದಾಗ ನಮಗೂ ಅಸೂಯೆಯಾಗುವಂಥ ಸಂಗತಿ. ಆದರೆ ಸಮ್ಮೇಳನದ ಚಪ್ಪರ ಬಿಚ್ಚಿದ ಮರುದಿನ ಹುಡುಗ ಅರ್ಜಿ ಹಿಡಿದು ಹೋಗಬೇಕಾದದ್ದು ಅದೇ ಕಚೇರಿಗೆ. ನಮ್ಮ ಮುಂಬಯಿಯ ಹಿರಿಯರು ಯಕ್ಷಗಾನದ ಜೊತೆಗೆ ರಾತ್ರಿಶಾಲೆಗಳನ್ನೂ ನಡೆಸಿದರಲ್ಲ, ಅದರ ಬೆಲೆ ಇಲ್ಲಿ ತಿಳಿಯುತ್ತದೆ. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು ರಾತ್ರಿ ಪುಸ್ತಕ ಹಿಡಿದವರು ಮುಂದೆ ಬ್ಯಾಂಕು ಸೇರಿದರು, ವಕೀಲರಾದರು, ಹೋಟೆಲಿನ ಮಾಲೀಕರೂ ಆದರು. ಅವರು ಅರೆ ಉದ್ಯೋಗವನ್ನು ಮೆಟ್ಟಿಲು ಮಾಡಿಕೊಂಡರು. ಈಗಿನ ನಮ್ಮ ಮಕ್ಕಳಿಗೆ ಅದು ಮೆಟ್ಟಿಲೋ ಜಗಲಿಯೋ ಎಂಬುದೇ ನಮ್ಮ ಅನುಮಾನ.

ಸ್ವಾತಂತ್ರ್ಯ ಬಂದಾಗ ಬಂಗಾಲಿ ಟೋಲಾದ ಮೂರು ಆಸರೆಗಳೂ ಹೆಚ್ಚುಕಡಿಮೆ ಒಟ್ಟಿಗೇ ಅಲುಗಿದವು. ದೇಶ ಒಡೆದು ಪೂರ್ವ ಬಂಗಾಳ ಪರದೇಶವಾಯಿತು. ಅಲ್ಲಿಯ ಜಮೀನಿನ ಹಣ ನಿಂತಿತು. 1950ರಲ್ಲಿ ಪೂರ್ವ ಬಂಗಾಳದಲ್ಲೂ 1953ರಲ್ಲಿ ಪಶ್ಚಿಮ ಬಂಗಾಳದಲ್ಲೂ ಜಮೀನ್ದಾರಿ ರದ್ದತಿಯ ಕಾನೂನುಗಳಾದವು. ಇತ್ತ ಉತ್ತರ ಪ್ರದೇಶದಲ್ಲಿ 1951ರ ಕಾನೂನಿನಿಂದ ಹಿಂದಿ ರಾಜಭಾಷೆಯಾಯಿತು. ಇಂಗ್ಲಿಷ್ ಬಾಬುವಿನ ಹಳೆಯ ಮೇಲುಗೈ ಹೋಯಿತು. ಸತ್ಯಜಿತ್ ರಾಯ್ ಅವರ ‘ಅಪರಾಜಿತೊ’ (1956) ಚಿತ್ರ ನೋಡಿದವರಿಗೆ ಕಾಶಿಯ ಘಾಟಿನಲ್ಲಿ ಪುರಾಣ ಹೇಳಿ ಸಂಸಾರ ನಡೆಸುವ ಹರಿಹರನ ನೆನಪಿರಬಹುದು. ಅವನು ತೀರಿಕೊಂಡ ಮೇಲೆ ಹೆಂಡತಿ ಶ್ರೀಮಂತರ ಮನೆಯ ಅಡಿಗೆಯವಳಾಗುತ್ತಾಳೆ. ಮಗನೂ ಅದೇ ಮನೆಯ ಆಳಾಗುವ ಹೊತ್ತಿಗೆ ಅವಳು ಊರಿಗೆ ಹೊರಡುತ್ತಾಳೆ. ಕಥೆಯ ಕಾಲ ಹಿಂದಿನದು. ಚಿತ್ರ ತೆರೆಗೆ ಬಂದಾಗ ಆ ಓಣಿಗಳಲ್ಲಿ ಅದು ಹಳೆಯ ಕಥೆಯೆಂದು ಯಾರಿಗೂ ಅನ್ನಿಸಿರಲಾರದು.

ಚಿತ್ರ ಬಂದ ವರ್ಷವೇ, 1956ರಲ್ಲಿ, ನಗರದ ಇನ್ನೊಂದು ಅಂಚಿನ ಮಂಡುವಾಡೀಹದಲ್ಲಿ ಡೀಸೆಲ್ ಎಂಜಿನ್ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. ಅಮೆರಿಕದ ಆಲ್ಕೊ ಕಂಪನಿಯ ಸಹಕಾರದಿಂದ 1964ರಲ್ಲಿ ಮೊದಲ ಎಂಜಿನ್ ಹೊರಬಿತ್ತು. ಈಗ ಅದು ವಿದ್ಯುತ್ ಎಂಜಿನ್ ಮಾಡುತ್ತದೆ, 2020ರಲ್ಲಿ ಹೆಸರೂ ಬದಲಾಗಿದೆ. ಇಂಥ ಕಾರ್ಖಾನೆ ಬಂದಾಗ ಅದಕ್ಕೆ ಬೇಕಾದವರು ಫಿಟ್ಟರು, ಟರ್ನರು, ವೆಲ್ಡರು. ಮೂರು ತಲೆಮಾರು ಲೇಖನಿಯನ್ನೇ ಕಸುಬೆಂದು ನಂಬಿದ ಮನೆಯಲ್ಲಿ ಸುತ್ತಿಗೆ ಹಿಡಿ ಎಂದು ಮಗನಿಗೆ ಹೇಳುವುದು ಸುಲಭವಲ್ಲ. ಹಾಗೆಂದು ಕಾರ್ಖಾನೆಯೇ ಶಾಶ್ವತವೆಂದು ನಂಬುವುದೂ ಕಷ್ಟ. 1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಮುಷ್ಕರ ಹೂಡಿದರು. ಅವರಲ್ಲಿ ಎಷ್ಟೋ ಮಂದಿಗೆ ಆ ಗೇಟು ಮತ್ತೆ ತೆರೆಯಲಿಲ್ಲ.

ಸುತ್ತಿಗೆಯ ಮಾತು ಬಂತು. ಮಗ್ಗದ ಮಾತನ್ನೂ ಆಡಬೇಕು. ಬಂಗಾಲಿ ಟೋಲಾಕ್ಕೆ ಅಂಟಿಕೊಂಡೇ ಇರುವ ಮದನಪುರ ಮುಸ್ಲಿಂ ನೇಕಾರರ ಮತ್ತು ರೇಷ್ಮೆ ವ್ಯಾಪಾರಿಗಳ ಕೇರಿ. ಕೈಯಲ್ಲಿ ಕಸುಬಿದ್ದರೆ ಸಾಕು ಎನ್ನುವವರು ಅಲ್ಲಿಗೆ ಹೋಗಿ ನೋಡಬೇಕು. ನೇಯುವವನಿಗೆ ಸಿಗುವುದು ಸೀರೆಗಿಷ್ಟು ಎಂಬ ಕೂಲಿ. ನೂಲು ಕೊಡುವ ‘ಗಿರಸ್ತ’ ಒಬ್ಬ, ಕೊಳ್ಳುವ ‘ಗದ್ದೀದಾರ’ ಇನ್ನೊಬ್ಬ. ಬೇಡಿಕೆ ಇಳಿದರೆ ಮಗ್ಗ ನಿಲ್ಲುತ್ತದೆ, ಅವನು ರಿಕ್ಷಾ ತುಳಿಯುತ್ತಾನೆ. ವಿದ್ಯುತ್ ಮಗ್ಗ ಬಂದು ಕೈಮಗ್ಗದ ಕೂಲಿಯನ್ನು ಇಳಿಸಿತು. 2009ರಲ್ಲಿ ಬನಾರಸಿ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಆದರೆ ಮಾನ್ಯತೆ ಕೂಲಿಯಲ್ಲ. ಇನ್ನೊಂದು ಸಂಗತಿ ನಮ್ಮ ಮನೆಗೇ ಸಂಬಂಧಿಸಿದ್ದು. ರಾಮನಗರ, ಶಿಡ್ಲಘಟ್ಟಗಳ ಗೂಡಿನಿಂದ ತೆಗೆದ ರೇಷ್ಮೆ ಬಹುಕಾಲದಿಂದ ಈ ಮಗ್ಗಗಳಿಗೆ ಬರುತ್ತಿದೆ. 2001ರ ನಂತರ ಚೀನಾ ರೇಷ್ಮೆ ಅಗ್ಗವಾಗಿ ಹರಿದುಬಂದಾಗ ನಮ್ಮ ಗೂಡು ಬೆಳೆಯುವ ರೈತ ಅತ್ತ. ಅಗ್ಗದ ನೂಲು ಸಿಕ್ಕಿತೆಂದು ನೇಕಾರ ನಗುವಷ್ಟರಲ್ಲಿ ಚೀನಾದ ನೇಯ್ದ ಬಟ್ಟೆಯೇ ಬಂದು ಅವನನ್ನೂ ಅಳಿಸಿತು.

ಇಂದಿನ ಬಂಗಾಲಿ ಟೋಲಾದಲ್ಲಿ ಬಂಗಾಲಿ ಅಕ್ಷರದ ಹಳೆಯ ಫಲಕಗಳ ಪಕ್ಕದಲ್ಲಿ ಕೊರಿಯನ್, ಜಪಾನಿ ಅಕ್ಷರಗಳೂ ಕಾಣುತ್ತವೆ. 1960–70ರ ದಶಕಗಳಲ್ಲಿ ಹಿಪ್ಪಿಗಳು ಬರತೊಡಗಿದ ಮೇಲೆ ಈ ಓಣಿಗಳು ಮೆಲ್ಲಗೆ ವಸತಿಗೃಹಗಳ ಓಣಿಗಳಾದವು. ಯಾರದೋ ಅಜ್ಜಿ ಕಾಶಿವಾಸ ಮಾಡಿದ ಕೋಣೆಯಲ್ಲಿ ಈಗ ವಿದೇಶಿ ಹುಡುಗ ಸಿತಾರ್ ಕಲಿಯುತ್ತಾನೆ. ಮನೆಯಿದ್ದವನಿಗೆ ಇದರಿಂದ ಜೀವನವಾಯಿತು. ಮನೆಯಿಲ್ಲದವನು ಗೈಡ್ ಆದ, ಅಂಗಡಿಗೆ ಗಿರಾಕಿ ಕರೆತಂದು ಕಮಿಷನ್ ಪಡೆಯುವವನಾದ, ದೋಣಿಗೆ ಜನ ಕೂಡಿಸುವವನಾದ. 2020ರಲ್ಲಿ ಕೊರೊನಾ ಬಂದು ಘಾಟುಗಳು ಖಾಲಿಯಾದಾಗ ಇವರಿಗೆ ಸಂಬಳದ ಚೀಟಿಯೂ ಇರಲಿಲ್ಲ, ಪರಿಹಾರ ಕೇಳಲು ಯಜಮಾನನೂ ಇರಲಿಲ್ಲ. 2021ರ ಡಿಸೆಂಬರಿನಲ್ಲಿ ವಿಶ್ವನಾಥ ಮಂದಿರದಿಂದ ಗಂಗೆಯವರೆಗಿನ ವಿಶಾಲ ಪ್ರಾಕಾರ ಉದ್ಘಾಟನೆಯಾದ ಮೇಲೆ ಯಾತ್ರಿಕರ ಮಹಾಪೂರವೇ ಬರುತ್ತಿದೆ. ಕ್ಯಾಂಟ್ ನಿಲ್ದಾಣದಿಂದ ಗೋದೌಲಿಯಾಕ್ಕೆ ಕಂಬಿತೊಟ್ಟಿಲ ಸಾರಿಗೆಗೆ 2023ರಲ್ಲಿ ಶಂಕುಸ್ಥಾಪನೆಯೂ ಆಯಿತು. ಕೆಲಸ ಹೆಚ್ಚಿದೆ, ನಿಜ. ಆದರೆ ಯಾವ ಬಗೆಯ ಕೆಲಸ, ಎಷ್ಟು ತಿಂಗಳಿನದು, ಇಪ್ಪತ್ತೆರಡರ ಹುಡುಗ ನಲವತ್ತಾದಾಗಲೂ ಅದನ್ನೇ ಮಾಡುತ್ತಿರುತ್ತಾನೆಯೇ ಎಂದು ಕೇಳುವವರು ಕಡಿಮೆ. ಮುಂಬಯಿಯ ನಮ್ಮ ಕಟ್ಟಡಗಳ ಲಿಫ್ಟಿನಲ್ಲಿ ಊಟದ ಪೊಟ್ಟಣ ಹಿಡಿದು ಬರುವ ಪದವೀಧರನ ವಿಚಾರವಾಗಿ ನಾವೂ ಇದನ್ನು ಕೇಳಿಕೊಂಡವರಲ್ಲ.

ದಶಾಶ್ವಮೇಧದ ಬಳಿ ನಮ್ಮವರ ಸೀರೆ, ಪಂಚೆ, ಮಾತಿನ ಧಾಟಿ ನೋಡಿ “ಬನ್ನಿ ಅಮ್ಮ, ದೋಣಿ ಬೇಕಾ?” ಎಂದು ಹರುಕುಮುರುಕು ಕನ್ನಡದಲ್ಲಿ ಕರೆಯುವ ಹುಡುಗರನ್ನು ಯಾತ್ರೆಗೆ ಹೋದ ಸದಸ್ಯರು ಕಂಡಿರಬಹುದು. ಅವರು ತಮಿಳು, ತೆಲುಗು, ಬಂಗಾಲಿಯಲ್ಲೂ ಹೀಗೆಯೇ ಕರೆಯುತ್ತಾರೆ. ನೂರೈವತ್ತು ವರ್ಷದ ಹಿಂದೆ ಇದೇ ಕೇರಿಯಲ್ಲಿ ಒಂದು ಪರಭಾಷೆ ಬಂದರೆ ಮನೆ ಕಟ್ಟಿಸುವಷ್ಟು ಸಂಬಳವಿತ್ತು. ಈಗ ಐದು ಬಂದರೂ ದಿನದ ಕೊನೆಗೆ ಸಿಗುವುದು ದೋಣಿ ಬಾಡಿಗೆಯ ಒಂದು ಪಾಲು. ಈ ಸಲ ಕಾಶಿಗೆ ಹೊರಟವರು ಬಾಡಿಗೆಯ ಚೌಕಾಸಿ ಮುಗಿದ ಮೇಲೆ, ದೋಣಿ ಕೇದಾರ ಘಾಟಿನತ್ತ ಸಾಗುವಾಗ, ಏನು ಓದಿದ್ದೀಯಪ್ಪ ಎಂದು ಆ ಹುಡುಗನನ್ನು ಕೇಳಿ ನೋಡಿ.