ಆಂಧ್ರ ಕರಾವಳಿಯಲ್ಲಿ ರಾವುತರ ಹಳೆಯ ಸಾಮಗ್ರಿ

ವಿಜಯವಾಡದ ಬಳಿಯ ಕೊಂಡಪಲ್ಲಿಯಿಂದ ವಿಶಾಖಪಟ್ಟಣದ ಸಿಂಹಾಚಲದವರೆಗಿನ ನಾಡು ಅನೇಕ ದಂಡುಗಳು ಹಾದುಹೋದ ದಾರಿ. ಒಡಿಶಾದ ಗಜಪತಿ ಅರಸರ ಮೇಲೆ ದಂಡೆತ್ತಿದ ವಿಜಯನಗರದ ಕೃಷ್ಣದೇವರಾಯ 1515ರಲ್ಲಿ ಕೊಂಡವೀಡನ್ನು ಗೆದ್ದ. ಆಮೇಲೆ ಕೊಂಡಪಲ್ಲಿಯನ್ನು ಹಿಡಿದು, 1516ರಲ್ಲಿ ಸಿಂಹಾಚಲದ ದೇವರಿಗೆ ಆಭರಣಗಳನ್ನು ಅರ್ಪಿಸಿದ. ಇಂಥ ದಂಡುಗಳ ಜೀನು, ಲಗಾಮುಗಳಲ್ಲಿ ಉಳಿದದ್ದು ಅತ್ಯಲ್ಪ. ತೊಗಲು, ಬಟ್ಟೆ, ಮರಗಳು ಕಡಲ ತೇವಕ್ಕೆ ತಾಳುವುದಿಲ್ಲ. ಕಬ್ಬಿಣ, ಹಿತ್ತಾಳೆಯ ಭಾಗಗಳು ಮಾತ್ರ ಬಾಳುತ್ತವೆ. ಆದ್ದರಿಂದ ಬಿಡಿಯಾಗಿ ಸಿಕ್ಕ ಕಡಿವಾಣವನ್ನೋ ಕತ್ತಿಯನ್ನೋ ಗುರುತಿಸಲು ಬರಹ, ಶಿಲ್ಪ, ಲೋಹದ ಮೇಲಿನ ಮುದ್ರೆ ಈ ಮೂರನ್ನೂ ತಾಳೆ ನೋಡಬೇಕಾಗುತ್ತದೆ.

ವಿಜಯನಗರ ಕಾಲಕ್ಕೆ ಬರಹ ಮತ್ತು ಶಿಲ್ಪಗಳೇ ಮುಖ್ಯ ಆಧಾರ. ರಾಯನ ಸೈನ್ಯವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಕುದುರೆಗಳ ಹಣೆಗೆ ಕಟ್ಟಿದ್ದ ಬೆಳ್ಳಿಯ ಮತ್ತು ಚಿನ್ನದ ನೀರು ಹಾಯಿಸಿದ ತಗಡುಗಳನ್ನು, ರೇಷ್ಮೆಯ ಕುಚ್ಚುಗಳನ್ನು, ಸವಾರರು ತೊಟ್ಟಿದ್ದ ತೊಗಲು–ಕಬ್ಬಿಣದ ಅಂಗಿಗಳನ್ನು ವರ್ಣಿಸಿದ್ದಾನೆ. ಹಾರ್ಮುಜ್‌ನಿಂದ ಬಂದ ಕುದುರೆ ಹಡಗಿನಲ್ಲಿ ಸತ್ತರೆ ಬಾಲವನ್ನು ತೋರಿಸಿದರೂ ಹಿಂದಿನ ಅರಸ ಸಾಳುವ ನರಸಿಂಹ ಬೆಲೆ ಕೊಡುತ್ತಿದ್ದನೆಂದು ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಹಂಪಿಯ ಮಹಾನವಮಿ ದಿಬ್ಬದ ಉಬ್ಬುಶಿಲ್ಪಗಳಲ್ಲಿ ಕುದುರೆಗಳೂ ಕುದುರೆ ವ್ಯಾಪಾರಿಗಳೂ ಕಾಣಸಿಗುತ್ತಾರೆ.

ಹದಿನೆಂಟನೆಯ ಶತಮಾನದಲ್ಲಿ ನಿಜಾಮ, ಫ್ರೆಂಚರು, ಜಮೀನುದಾರರು ಈ ನೆಲಕ್ಕಾಗಿ ಹೊಡೆದಾಡಿದರು. 1757ರ ಬೊಬ್ಬಿಲಿ ಯುದ್ಧ ಆ ಕಾಲದ್ದು. 1765ರ ಮೊಗಲ್ ಫರ್ಮಾನಿನಿಂದ ಈ ಕರಾವಳಿಯ ಉತ್ತರ ಸರ್ಕಾರ್ ಪ್ರದೇಶ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಗೆ ಸಂದಿತು. ಹೀಗಾಗಿ ಇಲ್ಲಿ ದೇಶೀ ಕತ್ತಿಗಳೂ ಯುರೋಪಿನವೂ ಸಿಗುತ್ತವೆ. ತಟ್ಟೆಯಂಥ ತಲೆಯ ಹಿಡಿಯಿರುವ ಬಾಗುಗತ್ತಿ ದೇಶೀ ತಲವಾರು. ತುದಿಯತ್ತ ಅಗಲವಾಗುವ ಅಲಗು, ಬೆರಳು ಕಾಯಲು ಒಂದೇ ಕಬ್ಬಿಣದ ಪಟ್ಟಿ ಇದ್ದರೆ ಅದು ಬ್ರಿಟಿಷರ 1796ರ ಮಾದರಿಯ ಲಘು ಅಶ್ವದಳದ ಕತ್ತಿ. ಯುರೋಪಿನ ಅಲಗಿಗೆ ದೇಶೀ ಹಿಡಿ ಕೂಡಿಸುವ ರೂಢಿಯೂ ಇತ್ತು. ಹಾಗಾಗಿ ಅಲಗಿನ ಕಾಲವನ್ನೂ ಹಿಡಿಯ ಕಾಲವನ್ನೂ ಬೇರೆಬೇರೆಯಾಗಿಯೇ ನಿರ್ಧರಿಸಬೇಕು.

ಮುಂದಿನ ಕಾಲದ ಸಾಮಗ್ರಿಯಲ್ಲಿ ಮುದ್ರೆಗಳೇ ದಾರಿ ತೋರುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾದ ಕಾನ್ಪುರದ ಸರ್ಕಾರಿ ಕಾರ್ಖಾನೆ ಸೈನ್ಯಕ್ಕೆ ಜೀನು, ಪಟ್ಟಿಗಳನ್ನು ಒದಗಿಸಿತು. ಬಾಣದ ಗುರುತು ಸರ್ಕಾರಿ ಸ್ವತ್ತಿನದು. ರೆಜಿಮೆಂಟಿನ ಹೆಸರು, ಸವಾರನ ಸಂಖ್ಯೆ, ಇಸವಿ ಇದ್ದರೆ ವಸ್ತುವಿನ ಚರಿತ್ರೆಯೇ ತೆರೆದುಕೊಳ್ಳುತ್ತದೆ. ತಿವಿಯಲೆಂದು ರೂಪಿಸಿದ 1908ರ ನೇರ ಕತ್ತಿಯ ಭಾರತೀಯ ಮಾದರಿಗೆ ಹಿಡಿ ಚಿಕ್ಕದು. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಪ್ಯಾಲೆಸ್ಟೈನಿನ ಹೈಫಾದಲ್ಲಿ ಜೋಧ್‌ಪುರ ಲ್ಯಾನ್ಸರ್ಸ್ ಜೊತೆ ಕಾದಿದ ಮೈಸೂರು ಲ್ಯಾನ್ಸರ್ಸ್ ಈಟಿ ಹಿಡಿದ ದಳ. ಇಂಥ ಈಟಿಗಳಲ್ಲಿ ಬಿದಿರಿನ ಕೋಲು ಹಾಳಾಗಿ ಉಕ್ಕಿನ ಮೊನೆಯೊಂದೇ ಉಳಿಯುವುದುಂಟು.

ವಿಜಯವಾಡದ ಬಾಪು ಮ್ಯೂಸಿಯಂನಲ್ಲೂ ಕಡಲದಂಡೆಯ ವಿಶಾಖ ಮ್ಯೂಸಿಯಂನಲ್ಲೂ ಹಳೆಯ ಆಯುಧಗಳಿವೆ. ಹೋಲಿಸಿ ನೋಡುವ ಅಭ್ಯಾಸಕ್ಕೆ ಅವು ಅನುಕೂಲ. ಸಂಗ್ರಾಹಕರು ತುಕ್ಕು ತೆಗೆಯಲು ಉಪ್ಪುಕಾಗದ ಹಾಕಿ ಉಜ್ಜಿದರೆ ಮುದ್ರೆಯೇ ಅಳಿಸಿಹೋಗುತ್ತದೆ. ಆಮ್ಲದಿಂದ ಹಳತುಗೊಳಿಸಿದ ನಕಲಿಗಳಲ್ಲಿ ತುಕ್ಕು ಎಲ್ಲೆಡೆ ಒಂದೇ ಬಗೆಯಾಗಿ ಹರಡಿರುವುದು ಸಾಮಾನ್ಯ. ನಿಜವಾದ ಬಳಕೆಯಲ್ಲಿ ಕೈ, ಕೊಂಡಿ, ಒರೆ ತಾಗುವ ಕಡೆ ಮಾತ್ರ ಸವೆತ ಹೆಚ್ಚು. ನೂರು ವರ್ಷ ದಾಟಿದ ವಸ್ತುಗಳಿಗೆ 1972ರ ಪ್ರಾಚೀನ ವಸ್ತುಗಳ ಕಾಯಿದೆ ಅನ್ವಯಿಸುತ್ತದೆ: ಮಾರಾಟದ ವ್ಯವಹಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ನೆಲದಲ್ಲಿ ಸಿಕ್ಕ, ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಕ್ಷೇಪವನ್ನು 1878ರ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.