ಕೊಳ್ಳೇಗಾಲ ಯಾವ ಕಪಾಟಿನಲ್ಲಿದೆ?

ನಿಮ್ಮ ಊರಿನ ಚರಿತ್ರೆ ಬರೆದು ತನ್ನಿ ಎಂದು ಅಧ್ಯಾಪಕರು ಹೇಳಿದರೆನ್ನಿ. ನೀವು ಕೊಳ್ಳೇಗಾಲದವರು. ಗ್ರಂಥಾಲಯಕ್ಕೆ ಹೋಗಿ, ಸಿ. ಹಯವದನರಾಯರು 1927ರಿಂದ 1930ರವರೆಗೆ ಹೊರತಂದ ಮೈಸೂರು ಗೆಜೆಟಿಯರನ್ನು ತೆರೆಯುತ್ತೀರಿ. ಪಕ್ಕದ ಯಳಂದೂರು ಅಲ್ಲಿದೆ. ಮೈಸೂರು ಜಿಲ್ಲೆಯ ತಾಲ್ಲೂಕುಗಳಲ್ಲಿ ಕೊಳ್ಳೇಗಾಲವಿಲ್ಲ. ಹಾಗಾದರೆ ನಿಮ್ಮ ಊರಿಗೆ ಚರಿತ್ರೆಯೇ ಇಲ್ಲವೆ?

ಇದೆ, ಬೇರೆ ಕಪಾಟಿನಲ್ಲಿದೆ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ರಾಜ್ಯ ಹಂಚಿಕೆಯಾಯಿತಷ್ಟೆ. ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆಯಿತು. ಆಡುವ ಮಾತು ಒಂದೇ, ನಂಟಸ್ತನ ಒಂದೇ. ಆದರೂ ಅರ್ಧ ಗಂಟೆಯ ಬಸ್ಸಿನ ದಾರಿಯ ನಡುವೆ 1956ರ ನವೆಂಬರ್ 1ರವರೆಗೆ ಒಂದು ಸರಹದ್ದಿತ್ತು. ಆದ್ದರಿಂದ ನೀವು ನೋಡಬೇಕಾದದ್ದು ಎಫ್. ಎ. ನಿಕೋಲ್ಸನ್ 1887ರಲ್ಲಿ ಸಿದ್ಧಪಡಿಸಿದ ಕೊಯಮತ್ತೂರು ಜಿಲ್ಲೆಯ ಕೈಪಿಡಿ. ಹಳೆಯ ಇಂಗ್ಲಿಷ್ ಪುಸ್ತಕಗಳು ಊರಿನ ಹೆಸರನ್ನು 'ಸಿ' ಅಕ್ಷರದಿಂದ ಆರಂಭಿಸುವುದುಂಟು. 'ಕೆ' ಅಕ್ಷರದಲ್ಲಿ ಮಾತ್ರ ಹುಡುಕಿ ಬರಿಗೈಯಲ್ಲಿ ಮರಳಬೇಡಿ. ಹನೂರು ಪ್ರತ್ಯೇಕ ತಾಲ್ಲೂಕಾದದ್ದು 2018ರಲ್ಲಿ. ಅಲ್ಲಿಯವರು ಹಳೆಯ ಲೆಕ್ಕಗಳನ್ನು ಕೊಳ್ಳೇಗಾಲದ ಹೆಸರಿನಲ್ಲೇ ಅರಸಬೇಕು.

ಪುಸ್ತಕ ಸಿಕ್ಕಿತೆಂದು ಕೆಲಸ ಮುಗಿಯಲಿಲ್ಲ. ಬರೆದವರು ಯಾರು, ಯಾರಿಗಾಗಿ ಬರೆದರು? ನಿಕೋಲ್ಸನ್ ಸರ್ಕಾರಿ ಅಧಿಕಾರಿ. ಅವರ ಕೈಪಿಡಿ ಆಡಳಿತಕ್ಕಾಗಿ ಹುಟ್ಟಿದ್ದು. ಕಂಸಾಳೆಯವರು ಹಾಡುವ ಮಹದೇಶ್ವರ ಕಾವ್ಯವೂ ಈ ಸೀಮೆಗೆ ಆಧಾರವೇ. ಆದರೆ ಭಕ್ತಿಯಿಂದ ಹಾಡಿದ್ದನ್ನು ಕಂದಾಯದ ಲೆಕ್ಕದಂತೆ ಓದಲಾಗದು, ಕಂದಾಯದ ಲೆಕ್ಕದಲ್ಲಿ ಜನರ ಮನಸ್ಸನ್ನು ಹುಡುಕಲೂ ಆಗದು.

ಅಂಕಿಅಂಶಗಳೂ ದಾರಿ ತಪ್ಪಿಸಬಲ್ಲವು. 1951ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಗೆ ಕೊಳ್ಳೇಗಾಲ ಸೇರಿರಲಿಲ್ಲ; 1961ರ ಹೊತ್ತಿಗೆ ಸೇರಿತ್ತು. ಆಗಿನ ಎರಡು ಮೊತ್ತಗಳನ್ನು ಹಾಗೆಯೇ ಕಳೆದು ನೋಡಿದರೆ, ಗಡಿ ಸರಿದದ್ದೂ ಜನ ಹೆಚ್ಚಿದಂತೆ ಕಾಣುತ್ತದೆ. 1991 ಮತ್ತು 2001ರ ನಡುವೆ ಇದೇ ಆಟ ತಿರುವುಮುರುವು: 1997ರಲ್ಲಿ ಚಾಮರಾಜನಗರ ಜಿಲ್ಲೆ ಬೇರೆಯಾಗಿ, ಮೂರೂ ಊರುಗಳು ಮೈಸೂರಿನ ಲೆಕ್ಕದಿಂದ ಹೊರಬಿದ್ದವು. ಪತ್ರಿಕೆ ಶೇಕಡಾವಾರು ಕೊಟ್ಟಾಗ, ಮೊಬೈಲು ಒಂದೇ ಸಾಲಿನಲ್ಲಿ ಉತ್ತರ ಹೇಳಿದಾಗ, ಇದು ಯಾವ ವರ್ಷದ, ಯಾವ ಗಡಿಯ ಲೆಕ್ಕವೆಂದು ಕೇಳಿಕೊಳ್ಳಿ. ನನ್ನ ಮಟ್ಟಿಗೆ ಇದು ಪರೀಕ್ಷೆಗೆ ಇಸವಿ ಬಾಯಿಪಾಠ ಮಾಡುವುದಕ್ಕಿಂತ ದೊಡ್ಡ ಪಾಠ.

ಈ ಭಾನುವಾರ ಮನೆಯ ಟ್ರಂಕನ್ನು ತೆಗೆಯಿರಿ. 1956ಕ್ಕೆ ಮುಂಚಿನ ಜಮೀನಿನ ಪತ್ರವಿದ್ದರೆ ಜಿಲ್ಲೆಯ ಹೆಸರನ್ನು ಓದಿ. ಯಳಂದೂರಿನ ಮನೆಯದಾದರೆ ಮೈಸೂರು, ಕೊಳ್ಳೇಗಾಲ, ಹನೂರುಗಳದಾದರೆ ಕೊಯಮತ್ತೂರು.