ಅಂಡಾಶಯದ ಕ್ಯಾನ್ಸರ್: ದುಗ್ಧಗ್ರಂಥಿಗಳಿಗೆ ಹರಡಲು ಕಾರಣಗಳೇನು?

ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಎಂದರೆ ಜಕ್ಕಿಯಬ್ಬೆಯ ನೆನಪು. ರಾಷ್ಟ್ರಕೂಟರ ಕಾಲದಲ್ಲಿ ನಾಗರಖಂಡ ಎಪ್ಪತ್ತನ್ನು ಆಳಿದ ಈ ಶ್ರಾವಕಿ ಕಾಯಿಲೆ ಬಿದ್ದಾಗ ಎಲ್ಲವನ್ನೂ ಮಗಳಿಗೆ ಒಪ್ಪಿಸಿ, ಇಲ್ಲಿನ ಬಸದಿಯಲ್ಲಿ ವ್ರತ ಹಿಡಿದು ದೇಹ ಬಿಟ್ಟಳೆನ್ನುತ್ತದೆ ಶಾಸನ. ಕಾಯಿಲೆಯ ಹೆಸರು ಅದರಲ್ಲಿಲ್ಲ. ಇಂದು ಶಿಕಾರಿಪುರ, ಸೊರಬದ ಮನೆಗಳಲ್ಲಿ ಕಾಯಿಲೆಗೆ ಹೆಸರೂ ಇದೆ, ಚಿಕಿತ್ಸೆಯೂ ಇದೆ; ತಡವಾಗುವುದೇ ತೊಂದರೆ.

ಗರ್ಭದಲ್ಲಿ ಅಂಡಾಶಯ ಮೂತ್ರಪಿಂಡದ ಹತ್ತಿರ ಬೆಳೆದು ನಂತರ ಕೆಳಗಿಳಿಯುತ್ತದೆ. ಅದರ ದುಗ್ಧನಾಳಗಳು ಈಗಲೂ ಮೇಲಕ್ಕೇ, ಮಹಾಪಧಮನಿಯ ಪಕ್ಕದ ಗ್ರಂಥಿಗಳಿಗೆ ಹರಿಯುತ್ತವೆ. ಕೆಲವು ಸೊಂಟದ ಗ್ರಂಥಿಗಳಿಗೆ. ಗಡ್ಡೆ ಅಂಡಾಶಯದಲ್ಲೇ ಇರುವಂತೆ ಕಂಡರೂ ಕೆಲವರಲ್ಲಿ ಈ ಗ್ರಂಥಿಗಳಿಗೆ ತಲುಪಿರುತ್ತದೆ. ಆಗ ಅದು ಮೂರನೇ ಹಂತ.

ಉಗ್ರ ದರ್ಜೆಯ ಸೀರಸ್ ಬಗೆಯಲ್ಲಿ ಹರಡುವ ಸಾಧ್ಯತೆ ಹೆಚ್ಚು, ಲೋಳೆಯ ಮ್ಯೂಸಿನಸ್ ಬಗೆಯಲ್ಲಿ ಕಡಿಮೆ. ಎರಡೂ ಅಂಡಾಶಯದಲ್ಲಿ ಗಡ್ಡೆ, ಹೊಟ್ಟೆಯಲ್ಲಿ ನೀರು, ಏರಿದ ಸಿಎ-125 ಕೂಡ ಎಚ್ಚರಿಕೆಯ ಗುರುತು. ಆದರೆ ಸಿಎ-125 ಮುಟ್ಟಿನ ದಿನಗಳಲ್ಲೂ ಏರಬಹುದು. ಅದೊಂದನ್ನೇ ನೋಡಿ ಗಾಬರಿ ಬೇಡ.

ಗ್ರಂಥಿಗಳನ್ನೆಲ್ಲ ತೆಗೆದರೆ ಒಳ್ಳೆಯದೆಂಬ ನಂಬಿಕೆ ಹಿಂದೆ ಇತ್ತು. 2019ರಲ್ಲಿ ಪ್ರಕಟವಾದ ಲಯನ್ ಅಧ್ಯಯನದಲ್ಲಿ, ಮುಂದುವರಿದ ಹಂತದಲ್ಲಿ ಕಾಣುವ ಗಡ್ಡೆಯನ್ನೆಲ್ಲ ತೆಗೆದ ಮೇಲೆ, ಸಹಜವಾಗಿ ಕಾಣುವ ಗ್ರಂಥಿಗಳನ್ನೂ ತೆಗೆದರೆ ಆಯುಷ್ಯ ಹೆಚ್ಚಲಿಲ್ಲ, ತೊಂದರೆಗಳೇ ಹೆಚ್ಚಿದವು.

ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು ಎರಡು-ಮೂರು ವಾರ ನಿಲ್ಲದಿದ್ದರೆ, ದಶಲಕ್ಷಣ ಪರ್ವದ ಉಪವಾಸದ ಗ್ಯಾಸ್ ಎಂದು ಬಿಡಬಾರದು, ಸ್ಕ್ಯಾನ್ ಮಾಡಿಸಬೇಕು. ತಾಯಿ, ಅಕ್ಕತಂಗಿ, ಚಿಕ್ಕಮ್ಮ, ಸೋದರತ್ತೆಯರಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಬಿಆರ್‌ಸಿಎ ವಂಶವಾಹಿ ತಂದೆಯ ಕಡೆಯಿಂದಲೂ ಬರುತ್ತದೆ.